ಅಟ್ಟದ ಮೇಲೊಂದು ನಿದ್ದೆ

ಗಿರಾಕಿಯೊಬ್ಬರು ಬಂದು ತೂಕಡಿಕೆ ಮಾಮನ ಮೇಲೆ ಕೂತುಬಿಟ್ಟದ್ದೇ ಈ ಎಲ್ಲ ಫಜೀತಿಗೆ ಮೂಲ.

ಅವರ ತಪ್ಪೇನೂ ಇರಲಿಲ್ಲ ಅನ್ನಿ. ಹೊಲಿಯಲು ಕೊಟ್ಟಿದ್ದ ಕೋಟು ಆಯಿತೇ ಎಂದು ಕೇಳಲು ಬಂದವರು, ಮೈಕೈ ತುಂಬಿಕೊಂಡವರು, ಬಿಸಿಲಲ್ಲಿ ನಡೆದು ದಣಿದಿದ್ದರು. ಸೋಫಾದ ಮೇಲೆ ಹೊಲಿಗೆಯ ಬಟ್ಟೆ ರಾಶಿ ಬಿದ್ದಿತ್ತು. ರಾಶಿಯ ಅಡಿಯಲ್ಲಿ ಮನೆಯ ಯಜಮಾನ ಮಲಗಿದ್ದಾನೆಂದು ಯಾರಿಗೆ ತಾನೆ ಹೊಳೆದೀತು? ಒಂದಿಷ್ಟು ಹೊತ್ತು ಆರಾಮವಾಗಿ ಕೂತು ಬೆವರೊರೆಸಿಕೊಂಡ ಮೇಲೆ ಅವರು ಹೊಲಿಗೆ ಯಂತ್ರದ ಮುಂದಿದ್ದ ಮಾಮನ ಹೆಂಡತಿಗೆ ಹೇಳಿದರು:

“ಸೋಫಾ ತುಂಬಾ ಮೆತ್ತಗಿದೆ ಕಣಮ್ಮ. ಆದ್ರೆ ಇದು ಉಸಿರಾಡ್ತಾ ಇದೆಯಲ್ಲ?”

ಮಾಮ ಬೇಕರಿಯಲ್ಲಿ ರಾತ್ರಿ ಪಾಳಿಯವನು. ಊರೆಲ್ಲ ಮಲಗಿರುವಾಗ ಹಿಟ್ಟು ನಾದಿ, ಒಲೆಯ ಮುಂದೆ ಬೆಂದು, ಊರು ಎದ್ದು ಬಿಸಿ ಬ್ರೆಡ್ಡು ಕಚ್ಚುವ ಹೊತ್ತಿಗೆ ಮನೆಗೆ ಬಂದು ಮಲಗುವುದು ಅವನ ದಿನಚರಿ. ಮಲಗುವುದು ಅನ್ನುವುದಕ್ಕಿಂತ ಮಲಗಲು ಜಾಗ ಹುಡುಕುವುದು ಅಂದರೆ ಸರಿ. ಇದ್ದೊಂದು ಕೋಣೆಯಲ್ಲಿ ಅತ್ತೆ, ಅತ್ತೆಯ ಜೊತೆಗೆ ಅತ್ತೆಯ ರೇಡಿಯೋ. ಹಜಾರದಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಅದು ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಕಟಕಟ ಅನ್ನುತ್ತಿತ್ತು. ನಡುಮನೆಯ ಓಣಿಯಲ್ಲಿ ಮಗಳ ಸ್ಕಿಪ್ಪಿಂಗ್. ಇಷ್ಟು ಸಾಲದೆಂದು ಗೋಡೆಯಾಚೆ ಪೀಪಿ ಮೇಷ್ಟ್ರು. ಬೀದಿಯ ಮಕ್ಕಳಿಗೆಲ್ಲ ತುತ್ತೂರಿ ಕಲಿಸುವ ಪುಣ್ಯಾತ್ಮ. ಕಲಿತವರು ಊದಿದರೆ ಹೇಗೋ ತಡೆದುಕೊಳ್ಳಬಹುದು. ಕಲಿತವರು ಮೇಷ್ಟ್ರ ಹತ್ತಿರ ಯಾಕೆ ಬರುತ್ತಾರೆ? ಬರುವವರೆಲ್ಲ ಹೊಸಬರೇ. ಅವರು ಊದಿದರೆ ಎಮ್ಮೆಗೆ ಬಿಕ್ಕಳಿಕೆ ಬಂದ ಹಾಗಿರುತ್ತಿತ್ತು.

ಹೀಗಾಗಿ ಮಾಮ ನಿಂತಲ್ಲಿ, ಕೂತಲ್ಲಿ, ಬಸ್ಸಿನ ಸಾಲಿನಲ್ಲಿ, ಮುಂದಿನವರ ಭುಜದ ಮೇಲೆ ತೂಕಡಿಸುತ್ತಿದ್ದ. ಬೀದಿಯ ಮಕ್ಕಳು ಇಟ್ಟ ಹೆಸರು ದೊಡ್ಡವರ ಬಾಯಿಗೂ ಹತ್ತಿತ್ತು.

ಮೈಮೇಲೆ ಗಿರಾಕಿ ಕೂತ ದಿನ ಮಾಮ ತೀರ್ಮಾನಿಸಿದ. “ಇನ್ನು ಆಗಲ್ಲ ಕಣೇ. ಅಟ್ಟ ಸುಮ್ಮನೆ ಬಿದ್ದಿದೆ. ಹಲಗೆ ಹಾಕಿಸಿ, ಸುಣ್ಣ ಬಳಿದು, ಹಾಸಿಗೆ ಹಾಕ್ಕೊಂಡು ಬಿಡ್ತೀನಿ. ಮನೆಗೆ ಒಂದು ಕೋಣೆ ಆಗುತ್ತೆ, ನನಗೊಂದು ನಿದ್ದೆ ಆಗುತ್ತೆ.”

“ಕೋಣೆ ಆದ್ರೆ ನನ್ನ ಬಟ್ಟೆಯನ್ನೂ ಅಲ್ಲೇ ಇಡಬಹುದು,” ಎಂದಳು ಹೆಂಡತಿ.

“ಬಟ್ಟೆ ಕೆಳಗೆ. ನಾನು ಮೇಲೆ.” ಮಾಮ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಆ ಮನೆ ಕಂಡಿರಲಿಲ್ಲ. ಕೋಣೆಯಲ್ಲಿ ಅತ್ತೆ ರೇಡಿಯೋ ಸಣ್ಣದು ಮಾಡಿ, “ಅಳಿಯಂದಿರಿಗೆ ಜ್ವರ ಇದೆಯಾ ನೋಡೇ” ಎಂದರು.

ಹೆಂಡತಿಯ ತಮ್ಮ ಬಡಗಿ. ಅವನು ಒಂದು ಸಂಜೆ ಬಂದು, ಮನೆಯೊಳಗಿನ ಓಣಿಯ ಗೋಡೆಗೆ ಏಣಿ ಒರಗಿಸಿ, ಚಾವಣಿಯ ಕಂಡಿಯಿಂದ ಮೇಲೆ ಇಣುಕಿ, ತಲೆ ತುಂಬ ಜೇಡರ ಬಲೆ ಸುತ್ತಿಕೊಂಡು ಇಳಿದ.

“ಭಾವ, ಸರಿಯಾಗಿ ಕೇಳಿಸ್ಕೊಳ್ಳಿ. ಈ ಸಾಲಿನ ಮನೆಗಳಿಗೆಲ್ಲ ಒಂದೇ ಸೂರು. ಕೆಳಗೆ ಗೋಡೆ ಇದೆ, ಮೇಲೆ ಗೋಡೆ ಇಲ್ಲ. ಅಟ್ಟ ಅನ್ನೋದು ರೈಲು ಬೋಗಿ ಇದ್ದ ಹಾಗೆ, ಈ ತುದಿಯಿಂದ ಆ ತುದಿಗೆ ಒಂದೇ. ಕಂಡಿ ಇರೋದು ನಿಮ್ಮ ಮನೆಗೂ ಮೇಷ್ಟ್ರ ಮನೆಗೂ ಗಡಿಯಲ್ಲಿ. ಏಣಿ ಹತ್ತಿ ತಲೆ ಹೊರಗೆ ಹಾಕಿದಾಗ ಬೆನ್ನ ಹಿಂದೆ ಇರೋದು ನಿಮ್ಮ ಅಟ್ಟ, ಮೂಗಿನ ಮುಂದೆ ಇರೋದು ಅವರ ಅಟ್ಟ. ಬೆನ್ನು ನಿಮ್ಮದು, ಮೂಗು ಅವರದು. ನೆನಪಿರುತ್ತಾ?”

“ಬೆನ್ನು ನಮ್ಮದು, ಮೂಗು ಅವರದು,” ಎಂದು ಮಾಮ ಶಾಲೆಯ ಹುಡುಗನ ಹಾಗೆ ಒಪ್ಪಿಸಿದ.

“ಇನ್ನೊಂದು. ಕಾಲಿಡೋದು ತೊಲೆ ಮೇಲೆ ಮಾತ್ರ. ತೊಲೆ ತೊಲೆ ಮಧ್ಯೆ ಇರೋದು ನಿಮ್ಮ ಬೇಕರಿ ಬಿಸ್ಕತ್ತಿಗಿಂತ ತೆಳು.”

ಭಾವಮೈದುನ ಅಳತೆಗೆ ಕೊಯ್ದ ಹಲಗೆಗಳನ್ನು ಕಳಿಸಿಕೊಟ್ಟ. ತಾನು ಮಾತ್ರ ಬೇರೆ ಊರಿನ ಕೆಲಸಕ್ಕೆ ಹೋದ. ಮಾಮನಿಗೆ ಕಾಯುವ ತಾಳ್ಮೆ ಇರಲಿಲ್ಲ. ಮುಂದಿನ ವಾರದ ರಜೆ ಬಂದದ್ದೇ ತಡ, ಹಿಂದಿನ ರಾತ್ರಿಯ ಪಾಳಿ ಮುಗಿಸಿ ಬಂದವನು ಮಲಗದೆ ಸುತ್ತಿಗೆ ಹಿಡಿದ.

ಒಳ್ಳೆಯ ನೆರೆಯವನ ಹಾಗೆ ಮೊದಲು ಪೀಪಿ ಮೇಷ್ಟ್ರ ಬಾಗಿಲು ತಟ್ಟಿದ. “ಮೇಷ್ಟ್ರೇ, ಇವತ್ತು ನಮ್ಮ ಅಟ್ಟದ ಕೆಲಸ. ಸ್ವಲ್ಪ ಬಡಿಯೋ ಸದ್ದು ಬರಬಹುದು.”

ಮೇಷ್ಟ್ರು ಕೈ ಹಿಡಿದುಕೊಂಡರು. “ಅಯ್ಯೋ, ಎಷ್ಟು ಬೇಕಾದ್ರೂ ಬಡೀರಿ! ಇಷ್ಟು ವರ್ಷ ನಮ್ಮ ಪೀಪಿ ನೀವು ಸಹಿಸಿದೀರಿ, ಒಂದು ದಿನ ನಿಮ್ಮ ಸುತ್ತಿಗೆ ನಾವು ಸಹಿಸೋಲ್ವಾ? ಸೂರೇ ಕಿತ್ತು ಬಂದ್ರೂ ನಾನು ಬಾಯಿ ಬಿಡಲ್ಲ.”

ಆಡಿದ ಮಾತಿಗೆ ತಪ್ಪದ ಮನುಷ್ಯ. ಅದೇ ಮುಂದೆ ಮುಳುವಾಯಿತು.

ಮಾಮ ಮನೆಗೆ ಬಂದು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟನೋ ಇಲ್ಲವೋ, ಬಾಗಿಲಲ್ಲಿ ದನಿ ಕೇಳಿತು: “ನಿಲ್ಲು! ಜೋಪಾನ!”

ಎದುರುಮನೆಯ ಜೋಪಾನ ತಾತ. ಕಾರ್ಖಾನೆಯೊಂದರಲ್ಲಿ ಅಪಘಾತ ತಡೆಯುವ ಅಧಿಕಾರಿಯಾಗಿದ್ದು ನಿವೃತ್ತರಾದವರು. ಅವರ ಕಾರ್ಖಾನೆಯಲ್ಲಿ ಅಪಘಾತ ಆಗುತ್ತಲೇ ಇರಲಿಲ್ಲವಂತೆ, ಯಾಕೆಂದರೆ ಅವರು ಇದ್ದಷ್ಟು ದಿನ ಯಾರಿಗೂ ಕೆಲಸ ಶುರುಮಾಡಲು ಆಗುತ್ತಿರಲಿಲ್ಲವಂತೆ. ಈಗ ಬೀದಿಯನ್ನೇ ಕಾರ್ಖಾನೆ ಮಾಡಿಕೊಂಡಿದ್ದರು.

“ತಲೆಗೆ ಏನಿದೆ?”

“ಕೂದಲಿದೆ ತಾತ. ಸ್ವಲ್ಪ.”

“ಕೂದಲು ನಂಬಿಕೊಂಡು ಅಟ್ಟ ಹತ್ತೋದಾ? ಯಾರಮ್ಮ ಅಲ್ಲಿ, ಒಂದು ಪಾತ್ರೆ ತನ್ನಿ.”

ಮಗಳು ಕುಣಿಯುತ್ತ ಹಾಲಿನ ಪಾತ್ರೆ ತಂದಳು. ತಾತ ಅದನ್ನು ಮಾಮನ ತಲೆಗೆ ಕವುಚಿ, ಗಲ್ಲದ ಕೆಳಗೆ ಅಳತೆ ಪಟ್ಟಿಯಲ್ಲಿ ಬಿಗಿದು ಕಟ್ಟಿದರು. ಕಣ್ಣಿಗೆ ಈಜುಗಾರರ ಕನ್ನಡಕ. ಮೂಗಿಗೆ ಟವೆಲು. ಕೈಗೆ ಬೇಕರಿಯ ಒಲೆಯ ದಪ್ಪ ಕೈಗವಸು. ಆಮೇಲೆ ಏಣಿಯನ್ನು ಅಲ್ಲಾಡಿಸಿ ನೋಡಿ ಹುಬ್ಬು ಗಂಟಿಕ್ಕಿದರು. “ಇದ್ಯಾರು ಏಣಿ ಹೀಗಿಟ್ಟದ್ದು? ಈ ಗೋಡೆಯ ಗಾರೆ ಉದುರ್ತಿದೆ. ಜಾರಿದ್ರೆ ಸೀದಾ ಬೆನ್ನುಮೂಳೆ,” ಎನ್ನುತ್ತ ಏಣಿಯನ್ನು ಎತ್ತಿ ತಿರುಗಿಸಿ ಓಣಿಯ ಎದುರು ಗೋಡೆಗೆ ಒರಗಿಸಿ, ಬುಡಕ್ಕೆ ಎರಡು ದಿಂಬು ಕೊಟ್ಟರು. ಕೊನೆಗೆ ಮಾಮನ ಸೊಂಟಕ್ಕೆ ಉದ್ದನೆಯ ಹಗ್ಗ ಬಿಗಿದು, ಅದರ ಇನ್ನೊಂದು ತುದಿ ಹಿಡಿಯಲು ಸಮರ್ಥರು ಯಾರೆಂದು ಸುತ್ತ ನೋಡಿದರು. ಅತ್ತೆ ಕುರ್ಚಿ ಎಳೆದುಕೊಂಡು ಏಣಿಯ ಬುಡದಲ್ಲಿ ಕೂತರು.

“ಕೊಡಿ ಇಲ್ಲಿ. ಅಳಿಯನ ಹಗ್ಗ ನಾನಲ್ಲದೆ ಇನ್ಯಾರು ಹಿಡೀತಾರೆ?”

“ಒಂದು ಸಲ ಎಳೆದ್ರೆ ಎಲ್ಲ ಕ್ಷೇಮ,” ಎಂದು ತಾತ ಪಾಠ ಹೇಳಿದರು. “ಎರಡು ಸಲ ಎಳೆದ್ರೆ ಅಪಾಯ. ಎರಡೂ ಕಡೆಯವರಿಗೆ ಇದೇ ನಿಯಮ.”

ಇಷ್ಟೆಲ್ಲ ಅಲಂಕಾರ ಮುಗಿಸಿ ಮಾಮ ಹತ್ತಿದಾಗ ನೋಡಬೇಕಿತ್ತು. ಯುದ್ಧಕ್ಕೆ ಹೊರಟ ಅಡುಗೆಮನೆಯ ಹಾಗಿದ್ದ.

ಕಂಡಿಯಿಂದ ತಲೆ ಹೊರಬಂತು. ಕತ್ತಲು. ಧೂಳು. ಟಾರ್ಚಿನ ಬೆಳಕಲ್ಲಿ ತೊಲೆಗಳು ಎರಡೂ ಕಡೆಗೆ ಸಾಲುಹಿಡಿದು ಹೋಗಿದ್ದವು. ಮಾಮ ಕಣ್ಣುಮುಚ್ಚಿ ಪಾಠ ನೆನಪಿಸಿಕೊಂಡ. ಬೆನ್ನು ನಮ್ಮದು, ಮೂಗು ಅವರದು. ಪಾತ್ರೆಯ ಸಮೇತ ಹಿಂದಕ್ಕೆ ತಿರುಗಿ, ತೊಲೆಯ ಮೇಲೆ ಅಂಬೆಗಾಲಿಕ್ಕುತ್ತ ಹೊರಟ.

ಕೆಳಗೆ ಅತ್ತೆ ಹಗ್ಗ ಬಿಡುತ್ತ ಬಿಡುತ್ತ, “ಹಗ್ಗ ಯಾಕೋ ಆ ಕಡೆ ಹೋಗ್ತಿದೆಯಲ್ಲ?” ಎಂದರು.

“ಹಗ್ಗಕ್ಕೆ ಕಡೆ ಏನಮ್ಮ? ಗಟ್ಟಿಯಾಗಿ ಹಿಡ್ಕೊಂಡ್ರೆ ಸಾಕು,” ಎಂದರು ಜೋಪಾನ ತಾತ.

ಮೇಲೆ ಮಾಮನಿಗೆ ಮೊದಲ ಸಂತೋಷ ಕಾದಿತ್ತು. ಸೂರಿನ ಇಳಿಜಾರಿನಲ್ಲಿ, ಧೂಳು ಮುಚ್ಚಿದ ಒಂದು ಗಾಜಿನ ಕಿಟಕಿ! ಟವೆಲಿನಿಂದ ಒರೆಸಿದ. ಬೆಳಕು ಹಾಲಿನ ಹಾಗೆ ಒಳಗೆ ಸುರಿಯಿತು. “ಏ, ನಮ್ಮ ಅಟ್ಟಕ್ಕೆ ಕಿಟಕಿ ಇದೆ ಕಣೇ!” ಎಂದು ಕೂಗಿದ.

“ಹೂಂ ಹೂಂ,” ಎಂದಳು ಹೆಂಡತಿ. ಆ ದೊಡ್ಡ ಗಿರಾಕಿಯ ಕೋಟು ಸಂಜೆಯೊಳಗೆ ಮುಗಿಯಲೇಬೇಕಿತ್ತು. ಯಂತ್ರ ಓಡುತ್ತಿರುವಾಗ ಅವಳು ಗಂಡನ ಯಾವ ಮಾತಿಗೂ ಹೂಂಗುಡುತ್ತಿದ್ದಳು.

ಕಿಟಕಿಯ ಬೆಳಕಲ್ಲಿ ಸಾಮಾನುಗಳು ಕಂಡವು. ಒಂದು ತೊಟ್ಟಿಲು, ತಗಡಿನ ಪೆಟ್ಟಿಗೆ, ಕಾಲು ಮುರಿದ ಮೇಜು, ಸುರುಳಿ ಸುತ್ತಿದ ಹಳೆಯ ಹಾಸಿಗೆಗಳು. ಇವನ್ನೆಲ್ಲ ಯಾವಾಗ ಅಟ್ಟಕ್ಕೆ ಹಾಕಿದೆವೋ ಮಾಮನಿಗೆ ನೆನಪಾಗಲಿಲ್ಲ. ಅಟ್ಟಕ್ಕೆ ಹಾಕಿದ್ದು ಯಾರಿಗೆ ನೆನಪಿರುತ್ತದೆ? ನೆನಪಿಡಬೇಕಿಲ್ಲ ಎಂದೇ ತಾನೆ ಅಟ್ಟ ಇರುವುದು.

“ತೊಟ್ಟಿಲು ಇದೆ. ನಮ್ಮದಾ?”

“ಹೂಂ. ಏನನ್ನೂ ಎಸೀಬೇಡಿ!”

ಎಸೆಯಬಾರದು, ಇಟ್ಟುಕೊಳ್ಳಲು ಜಾಗವಿಲ್ಲ. ಆಗ ಮಾಮನ ತಲೆಯಲ್ಲಿ, ಪಾತ್ರೆಯ ಅಡಿಯಲ್ಲೇ, ಸಣ್ಣದೊಂದು ಕೆಟ್ಟ ಬುದ್ಧಿ ಹುಟ್ಟಿತು. ಮೇಷ್ಟ್ರು ಯಾವತ್ತಾದರೂ ಅಟ್ಟ ಹತ್ತಿದ್ದುಂಟೇ? ಇಷ್ಟು ವರ್ಷ ಪೀಪಿ ಊದಿದವರು ನಾಲ್ಕು ಹಳೆ ಸಾಮಾನು ಸಹಿಸಿಕೊಳ್ಳಲಿ. ಒಂದೊಂದನ್ನೇ ತೊಲೆಯ ಮೇಲೆ ಜಾರಿಸುತ್ತ ಕಂಡಿ ದಾಟಿಸಿ “ಮೇಷ್ಟ್ರ ಕಡೆ”ಗೆ ನೂಕಿದ. ತೊಟ್ಟಿಲು ಹೋಯಿತು, ಪೆಟ್ಟಿಗೆ ಹೋಯಿತು, ಮೇಜು ಹೋಯಿತು. ಆ ಕಡೆ ಕತ್ತಲಲ್ಲಿ ಆಗಲೇ ಏನೇನೋ ತುಂಬಿದ್ದರಿಂದ ತುರುಕಿ ಕೂರಿಸಬೇಕಾಯಿತು. ‘ಈ ಮೇಷ್ಟ್ರು ಎಷ್ಟು ಕಸ ಕೂಡಿಟ್ಟಿದಾರಪ್ಪ!’ ಎಂದು ಗೊಣಗಿದ.

ಹಳೆಯ ಹಾಸಿಗೆಗಳನ್ನು ಮಾತ್ರ ಉಳಿಸಿಕೊಂಡ. ಯಾಕೆಂದರೆ ಅಷ್ಟರಲ್ಲಿ ಪೀಪಿ ಶುರುವಾಗಿತ್ತು, ಅದೂ ಯಾವತ್ತಿಗಿಂತ ಜೋರಾಗಿ. ನೇರ ಮೊಣಕಾಲಿನ ಕೆಳಗಿಂದ ಬಂದ ಹಾಗೆ. ‘ಮೇಲೆ ಗೋಡೆ ಇಲ್ಲವಲ್ಲ, ಸದ್ದು ಸುತ್ತಿ ಬರುತ್ತೆ’ ಎಂದು ಮಾಮ ತನಗೆ ತಾನೇ ವಿವರಿಸಿಕೊಂಡ. ಹಾಸಿಗೆ ಹರಿದು, ಹತ್ತಿಯನ್ನೆಲ್ಲ ತೊಲೆಗಳ ಮಧ್ಯೆ ಬನ್ನಿಗೆ ಬೆಣ್ಣೆ ತುಂಬಿದ ಹಾಗೆ ತುಂಬಿದ. ಅದರ ಮೇಲೆ ಹಲಗೆ. ಹೆಂಡತಿ, ಮಗಳು, ಜೋಪಾನ ತಾತ ಕೆಳಗಿನಿಂದ ಹಲಗೆ ಏರಿಸಿದರು. ಮಾಮ ಎಳೆದುಕೊಂಡು ಹೋಗಿ ಮೊಳೆ ಹೊಡೆದ. ಮೊಳೆಗೊಂದು ಪೀಪಿ, ಪೀಪಿಗೊಂದು ಮೊಳೆ. ಹಲಗೆ ಹಾಸುತ್ತಾ ಹೋದಂತೆ ಕೆಳಗಿನ ಸದ್ದು ಕಂಬಳಿ ಹೊದ್ದ ಹಾಗೆ ಸಣ್ಣದಾಯಿತು. ಮಾಮನ ಎದೆ ಉಬ್ಬಿತು.

ಕೆಳಗೆ ಮೇಷ್ಟ್ರ ಮನೆಯಲ್ಲಿ ಏನಾಗುತ್ತಿತ್ತು ಅನ್ನುವುದು ಆಮೇಲೆ ತಿಳಿದದ್ದು. ಮೊಳೆ ಹೊಡೆದಾಗೆಲ್ಲ ಅವರ ದೀಪ ತೂಗಾಡಿತಂತೆ, ಧೂಳು ಶಿಷ್ಯರ ತಲೆ ಮೇಲೆ ಸುರಿಯಿತಂತೆ. ಮೇಷ್ಟ್ರ ಹೆಂಡತಿ, “ಹೋಗಿ ಕೇಳ್ರೀ, ನಮ್ಮ ತಲೆ ಮೇಲೇ ಬಡೀತಿದಾರೆ!” ಎಂದು ಹೇಳಿದರೂ ಮೇಷ್ಟ್ರು, “ಮಾತು ಕೊಟ್ಟಿದೀನಿ. ಹಳೇ ಮನೆ, ಸದ್ದು ಹರಡುತ್ತೆ. ಮಕ್ಕಳೇ, ಸುತ್ತಿಗೆಯನ್ನೇ ತಾಳ ಅಂದ್ಕೊಂಡು ಊದಿ!” ಎಂದರಂತೆ.

ಮಧ್ಯಾಹ್ನ ಜೋಪಾನ ತಾತ ಹೊರಗಿನಿಂದಲೂ ಒಮ್ಮೆ ಸುರಕ್ಷತೆ ಪರೀಕ್ಷಿಸಬೇಕೆಂದು ಬೀದಿಗೆ ಹೋದರು. ಕಿಟಕಿಯಿಂದ ಅವರನ್ನು ಕಂಡ ಮಾಮ ಹುರುಪಿನಿಂದ ಕೈ ಬೀಸಿದ. ತಾತ ಒಳಗೆ ಬಂದು, “ಪೀಪಿ ಮೇಷ್ಟ್ರೂ ಅಟ್ಟದ ಕೆಲಸ ಹಚ್ಚಿಕೊಂಡ ಹಾಗಿದೆ. ಅವರ ಕಿಟಕಿಯಿಂದ ಯಾರೋ ಕೈ ಬೀಸಿದ್ರು” ಎಂದರು.

“ಹೂಂ,” ಎಂದಳು ಮಾಮನ ಹೆಂಡತಿ.

“ಹಗ್ಗ ಮಾತ್ರ ಆ ಕಡೆಗೇ ಇದೆ,” ಎಂದರು ಅತ್ತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆಯ ಮಾತು ಆ ಮನೆಯಲ್ಲಿ ರೇಡಿಯೋದ ಜೊತೆ ಬೆರೆತು ಹೋಗುವುದು ವಾಡಿಕೆ.

ಸುಣ್ಣ ಬಳಿದದ್ದಾಯಿತು. ಕೊನೆಯ ಒಂದು ಹಲಗೆ ಮಾತ್ರ ಬಾಕಿ. ಅದಕ್ಕೆ ಮೊದಲು ಹಾಸಿಗೆ ಹಾಕಿ ನೋಡೋಣ ಅನ್ನಿಸಿತು. ಮಗಳು ಏರಿಸಿಕೊಟ್ಟ ಹೊಸ ಹಾಸಿಗೆ ಬಿಡಿಸಿ ಮಾಮ ಮೈಚಾಚಿದ. ತಲೆಯ ಮೇಲೆ ಕಿಟಕಿಯ ಆಕಾಶ. ಕೆಳಗೆ ಪೀಪಿಗೂ ಊಟದ ಬಿಡುವು. ಯಂತ್ರದ ಸದ್ದು ದೂರದಲ್ಲೆಲ್ಲೋ ಜೇನಿನ ಹಾಗೆ. ರಾತ್ರಿ ಪಾಳಿಯವರಿಗೆ ಮಾತ್ರ ಗೊತ್ತಿರುವ ಒಂದು ನಿದ್ದೆ ಇದೆ. ಕಣ್ಣು ಮುಚ್ಚುವುದಕ್ಕೂ ಮೊದಲೇ ಮಂಡಿಯಿಂದ ಶುರುವಾಗಿ ಮೇಲೇರುತ್ತದೆ. ಅದು ಮಾಮನ ಸೊಂಟದವರೆಗೆ ಬಂತು. ಎದೆಗೆ ಬಂತು. ಗಂಟಲಿಗೆ ಬಂತು.

ಕೆಳಗೆ ಅತ್ತೆಗೆ ಯೋಚನೆಯಾಯಿತು. ಬಹಳ ಹೊತ್ತಾಯಿತು, ಸದ್ದಿಲ್ಲ. ಅಳಿಯ ಕ್ಷೇಮವೇ ಎಂದು ತಿಳಿಯಲು ಹಗ್ಗವನ್ನು ಒಂದು ಸಲ ಎಳೆದರು. ಉತ್ತರ ಬರಲಿಲ್ಲ. ಆದ್ದರಿಂದ ಇನ್ನೊಂದು ಸಲ ಎಳೆದರು.

ಎರಡು ಸಲ! ಅಪಾಯ!

ಮಾಮ ಬೆಚ್ಚಿ ಎದ್ದ. ಪಾತ್ರೆ ಸೂರಿಗೆ ಬಡಿದು ಢಣ್ಣೆಂದಿತು. ಕಣ್ಣು ಕತ್ತಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. ಕೊನೆಯ ಹಲಗೆ ಎಲ್ಲಿ ಬಾಕಿಯಿತ್ತೋ ಸರಿಯಾಗಿ ಅಲ್ಲಿಗೆ. ಬಡಗಿ ಹೇಳಿದ್ದು ನಿಜ, ಬಿಸ್ಕತ್ತಿಗಿಂತ ತೆಳು. ಕರಕ್ಕೆಂದು ಬಲಗಾಲು ತೊಡೆಯವರೆಗೆ ಇಳಿದು ನಿಂತಿತು.

“ಅಯ್ಯಯ್ಯೋ! ನನ್ನ ಕಾಲು ಕೆಳಗೆ ಬಂತು ಕಣೇ! ಹಿಡ್ಕೊಂಡು ಮೇಲೆ ನೂಕಿ!”

ಈ ಸಲ ಯಂತ್ರ ನಿಂತಿತು. ಹೆಂಡತಿ ಹಜಾರದ ಚಾವಣಿ ನೋಡಿದಳು. ಕಾಲಿರಲಿಲ್ಲ. ಕೋಣೆಗೆ ಓಡಿದಳು. ಇರಲಿಲ್ಲ. ಅಡುಗೆಮನೆ, ಬಚ್ಚಲು, ಎಲ್ಲೂ ಇರಲಿಲ್ಲ. ಮಗಳು ಕಪಾಟಿನ ಒಳಗೂ ತೆಗೆದು ನೋಡಿದಳು.

“ರೀ, ಕಾಲು ಎಲ್ಲೂ ಕಾಣ್ತಿಲ್ಲ!”

“ಸರಿಯಾಗಿ ನೋಡೇ! ನನ್ನ ಕಾಲು ಕಣೇ, ದೊಡ್ಡದಾಗೇ ಇದೆ!”

“ಇಡೀ ಮನೆ ನೋಡಿದ್ವಿ ರೀ! ನಿಮ್ಮ ಹತ್ರಾನೇ ಇರಬೇಕು, ಇನ್ನೊಂದು ಸಲ ನೋಡ್ಕೊಳ್ಳಿ!”

“ನನ್ನ ಹತ್ರ ಒಂದೇ ಇದೆ! ಅಯ್ಯೋ... ಯಾರದು? ಯಾರೋ ಹೆಬ್ಬೆರಳು ಮುಟ್ಟಿ ನೋಡ್ತಿದಾರೆ! ಯಾರೇ ಅದು, ಕಚಗುಳಿ ಇಡಬೇಡಿ!”

ಕೆಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ಕೈಗಳೂ ಅಲ್ಲೇ ಇದ್ದವು.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಮೇಷ್ಟ್ರ ಹೆಂಡತಿ, ಮುಖಕ್ಕೆಲ್ಲ ಗಾರೆಯ ಪುಡಿ ಮೆತ್ತಿಕೊಂಡು ನಿಂತಿದ್ದರು. ತುಂಬ ಮರ್ಯಾದೆಯ ಹೆಂಗಸು. “ನಿಮ್ಮನೆಯವರ ಕಾಲು ನಮ್ಮ ಮನೇಲಿದೆ,” ಎಂದರು. “ನಾವು ಊಟಕ್ಕೆ ಕೂತಿದ್ವಿ. ಬೇಗ ತಗೊಂಡು ಹೋಗ್ತೀರಾ?”

“ನಾನು ಬೆಳಗ್ಗೆಯಿಂದ ಬಡ್ಕೋತಾ ಇದೀನಿ,” ಎಂದರು ಅತ್ತೆ, “ಹಗ್ಗ ಆ ಕಡೆ ಹೋಗಿದೆ ಅಂತ!”

ಜೋಪಾನ ತಾತ ತಾವೇ ತಿರುಗಿಸಿ ಇಟ್ಟಿದ್ದ ಏಣಿಯನ್ನು ನೋಡಿದರು. ಎದುರು ಗೋಡೆಯನ್ನು ನೋಡಿದರು. ಕೆಮ್ಮಿದರು. ಆಮೇಲೆ ಯಾರೂ ಏನೂ ಕೇಳುವ ಮೊದಲೇ, “ಈಗ ತಪ್ಪು ಯಾರದು ಅನ್ನೋದು ಮುಖ್ಯ ಅಲ್ಲ. ಕಾಲು ಮುಖ್ಯ!” ಎಂದು ಎಲ್ಲರಿಗಿಂತ ಮುಂದೆ ಮೇಷ್ಟ್ರ ಮನೆಗೆ ಓಡಿದರು.

ಅಲ್ಲಿ ಊಟದ ಮೇಜಿನ ಮೇಲೆ, ದೀಪದ ಪಕ್ಕದಲ್ಲಿ, ಇನ್ನೊಂದು ದೀಪದ ಹಾಗೆ ಮಾಮನ ಕಾಲು ತೂಗುತ್ತಿತ್ತು. ಶಿಷ್ಯರು ಪೀಪಿ ಬಿಟ್ಟು ಬಾಯಿ ಬಿಟ್ಟುಕೊಂಡು ನಿಂತಿದ್ದರು. ತಾತ ಮೇಜು ಸರಿಸಿ, ಸೋಫಾ ಎಳೆಸಿ, ಕುರ್ಚಿಯ ಮೇಲೆ ನಿಂತು ಪಾದ ಹಿಡಿದು ಮೇಲಕ್ಕೆ ನೂಕಿದರು. ಆ ಕಡೆ ಮಾಮನ ಮನೆಯಲ್ಲಿ ಅತ್ತೆ ಹಗ್ಗ ಎಳೆದರು. ಹಗ್ಗ ಪಕ್ಕಕ್ಕೆ ಎಳೆಯಿತು, ತಾತ ಮೇಲಕ್ಕೆ ನೂಕಿದರು, ಮಾಮ ಇದ್ದಲ್ಲೇ ಬುಗುರಿಯ ಹಾಗೆ ಒಂದು ಸುತ್ತು ಸುತ್ತಿದ. ತೂತು ದೊಡ್ಡದಾಯಿತು. ಮಾಮ, ಪಾತ್ರೆ, ಹತ್ತಿ, ಹಗ್ಗ, ಎಲ್ಲವೂ ಒಟ್ಟಿಗೆ ಮೇಷ್ಟ್ರ ಸೋಫಾದ ಮೇಲೆ ಬಂದು ಬಿದ್ದವು. ಶಿಷ್ಯರು ಚಪ್ಪಾಳೆ ತಟ್ಟಿದರು. ಇಳಿದದ್ದು ಕ್ಷೇಮವಾಗಿಯೇ. ಆದರೆ ತಾತ ಪಾದ ಬಿಟ್ಟಿರಲಿಲ್ಲ. ಹಾಗಾಗಿ ಪಾದದ ಹರಡು ಉಳುಕಿತು.

ವೈದ್ಯೆ ಬಂದು ಬಟ್ಟೆ ಸುತ್ತಿ, “ಈ ಕಾಲಿನ ಮೇಲೆ ನಿಲ್ಲೋ ಹಾಗಿಲ್ಲ. ಏಣಿಯ ಹೆಸರೂ ಎತ್ತಬೇಡಿ” ಎಂದು ಹೇಳಿ ಹೋದರು. ಮಾಮನನ್ನು ತಂದು ಅದೇ ಹಳೆಯ ಸೋಫಾದ ಮೇಲೆ ಹಾಕಿದರು. ತನ್ನ ಕೈಯಾರೆ ಹಲಗೆ ಹಾಸಿ, ಸುಣ್ಣ ಬಳಿದು, ಹತ್ತಿ ತುಂಬಿದ್ದು ಮೇಷ್ಟ್ರ ಅಟ್ಟ. ತನ್ನ ಅಟ್ಟದಲ್ಲಿ ಈಗ ಎರಡು ಮನೆಯ ಕಸ. ಅದನ್ನು ನೆನೆದು ಮಾಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಸಂಜೆ ಬೇಕರಿಯ ಯಜಮಾನರು ಸುದ್ದಿ ತಿಳಿದು ಬಂದರು. ಕಾಲನ್ನು ಅತ್ತ ಇತ್ತ ನೋಡಿದರು.

“ಇದರಲ್ಲಿ ಒಲೆ ಮುಂದೆ ನಿಲ್ಲೋಕೆ ಆಗಲ್ಲ ಬಿಡು. ನಾಳೆಯಿಂದ ಹಗಲು ಬಾ. ಅಂಗಡೀಲಿ ಕುರ್ಚಿ ಹಾಕಿಸ್ತೀನಿ, ಕೂತ್ಕೊಂಡು ಮಾರು. ಕಾಲು ಸರಿಹೋದ ಮೇಲೂ ಅಲ್ಲೇ ಇದ್ದುಬಿಡು. ನಿನ್ನ ಜಾಗಕ್ಕೆ ನಮ್ಮಣ್ಣನ ಮಗನನ್ನ ಹಾಕಿಯಾಯ್ತು.”

ಮಾಮನಿಗೆ ತಕ್ಷಣ ಅರ್ಥವಾಗಲಿಲ್ಲ. “ಹಗಲಾ? ಹಾಗಾದ್ರೆ... ರಾತ್ರಿ?”

“ರಾತ್ರಿ ಏನು? ಎಲ್ಲರ ಹಾಗೆ ಮಲಗು!”

ಯಜಮಾನರು ಹೋದ ಮೇಲೂ ಮಾಮ ಆ ಮಾತನ್ನು ಬಾಯಲ್ಲಿ ಮಿಠಾಯಿಯ ಹಾಗೆ ಹೊರಳಿಸುತ್ತಿದ್ದ. ಎಲ್ಲರ ಹಾಗೆ ಮಲಗು. ರಾತ್ರಿಯಲ್ಲಿ ಯಂತ್ರಕ್ಕೆ ಮುಸುಕು. ರೇಡಿಯೋ ಬಂದ್. ಸ್ಕಿಪ್ಪಿಂಗ್ ಹಗ್ಗ ಮೊಳೆಯ ಮೇಲೆ. ಪೀಪಿ ಪೆಟ್ಟಿಗೆಯೊಳಗೆ. ವಾರದ ರಜೆಯ ರಾತ್ರಿಗಳಲ್ಲಿ ಆ ಮೌನವನ್ನು ಅವನು ಕಂಡಿದ್ದ, ಅಭ್ಯಾಸ ತಪ್ಪಿ ನಿದ್ದೆ ಬಾರದೆ ಅದನ್ನು ಸುಮ್ಮನೆ ಕೇಳುತ್ತ ಬಿದ್ದುಕೊಂಡಿದ್ದ. ಇನ್ನು ಮೇಲೆ ಅದು ದಿನವೂ ಅವನದೇ. ಅಟ್ಟ ಯಾರಿಗೆ ಬೇಕು?

“ಕೇಳಿದೆಯೇನೇ,” ಎಂದ. “ಬಿದ್ದದ್ದೇ ಒಳ್ಳೇದಾಯ್ತು.”

ಹೆಂಡತಿಯ ಕಣ್ಣು ಒದ್ದೆಯಾಯಿತು. ಜೋಪಾನ ತಾತ ತಾವೇ ಎಲ್ಲವನ್ನೂ ಯೋಜಿಸಿದವರ ಹಾಗೆ ಮೀಸೆ ಸವರಿಕೊಂಡರು.

ಆಗಲೇ ಪೀಪಿ ಮೇಷ್ಟ್ರು ಬಂದದ್ದು. ಕೈಯಲ್ಲಿ ಚಹಾದ ಫ್ಲಾಸ್ಕು, ಮುಖದಲ್ಲಿ ಹೇಳಲಾರದ ಕೃತಜ್ಞತೆ. ಮಾಮನ ಪಕ್ಕ ಕೂತು ಕೈ ಹಿಡಿದುಕೊಂಡರು.

“ನನಗೆ ನಾಚಿಕೆ ಆಗ್ತಿದೆ ರೀ. ಇಷ್ಟು ವರ್ಷ ಪೀಪಿ ಊದಿ ಊದಿ ನಿಮ್ಮ ಹಗಲು ನಿದ್ದೆ ಹಾಳು ಮಾಡಿದೆ. ನೀವು ನೋಡಿದ್ರೆ ನಮ್ಮ ಅಟ್ಟಾನ ಅರಮನೆ ಮಾಡಿ ಕೊಟ್ಟಿದೀರಿ! ತೂತಿನ ಜಾಗಕ್ಕೆ ಸರಿಯಾಗಿ ಏಣಿ ಇಟ್ಟು ಹತ್ತಿ, ಉಳಿದಿದ್ದ ಹಲಗೆ ತೂತಿಗೆ ಮುಚ್ಚಿ ನೋಡಿದೆ. ನಮ್ಮವಳು ಕೆಳಗೆ ಕೂತು ಪರೀಕ್ಷೆ ಮಾಡಿದಳು. ಮೇಲೆ ಎಷ್ಟು ಜೋರಾಗಿ ಊದಿದ್ರೂ ಕೆಳಗೆ ಒಂದು ಚೂರೂ ಕೇಳಿಸಲ್ವಂತೆ! ಆ ಹತ್ತಿ ಇದೆಯಲ್ಲ, ಆಹಾ.”

“ಇರಲಿ ಬಿಡಿ ಮೇಷ್ಟ್ರೇ,” ಎಂದ ಮಾಮ. ಸುಖಿಗಳು ಉದಾರಿಗಳಾಗಿರುತ್ತಾರೆ.

“ಇರಲಿ ಅಂತ ಬಿಡೋ ಮನುಷ್ಯ ನಾನಲ್ಲ. ನಾನೊಂದು ತೀರ್ಮಾನ ಮಾಡಿದೀನಿ. ಇವತ್ತಿಂದ ಹಗಲು ಹೊತ್ತು ನಮ್ಮನೇಲಿ ಪೀಪಿ ಇಲ್ಲ. ಬಂದ್! ನೀವು ಹಾಯಾಗಿ ಮಲಗಬೇಕು. ಪಾಠ ಏನಿದ್ರೂ ಇನ್ನು ರಾತ್ರಿ, ಮೇಲೆ, ಅಟ್ಟದಲ್ಲಿ. ಕೆಲಸ ಮುಗಿಸಿ ಬರೋ ದೊಡ್ಡವರ ಬ್ಯಾಂಡಿನ ತಂಡ ಎಷ್ಟೋ ದಿನದಿಂದ ಕೇಳ್ತಿತ್ತು, ನಮ್ಮವಳೇ ಒಪ್ಪಿರಲಿಲ್ಲ. ಈಗ ಅವಳೂ ಒಪ್ಪಿದಳು. ಇವತ್ತೇ ಶುರು. ಬೆಳಗಿನ ಜಾವದವರೆಗೂ ಊದಿದ್ರೂ ಯಾರಿಗೂ ತೊಂದ್ರೆ ಇಲ್ಲ. ನಿಮ್ಮ ಅಟ್ಟಕ್ಕೂ ನಮ್ಮ ಅಟ್ಟಕ್ಕೂ ನಡುವೆ ಗೋಡೆ ಇಲ್ಲ ನಿಜ, ಆದ್ರೆ ನೀವು ರಾತ್ರಿ ಹೇಗೂ ಬೇಕರೀಲಿ ಇರ್ತೀರಲ್ಲ!”

ಮಾಮ ಬಾಯಿ ತೆರೆದ. ಹೆಂಡತಿ ಏನೋ ಹೇಳಲು ಹೋದಳು, ಅಷ್ಟರಲ್ಲಿ ಜೋಪಾನ ತಾತ ಎದ್ದು ಮೇಷ್ಟ್ರ ಕೈ ಕುಲುಕಿ, “ನೆರೆಯವರು ಅಂದ್ರೆ ಹೀಗಿರಬೇಕು! ಬನ್ನಿ, ಆ ಏಣಿ ಸರಿಯಾಗಿ ಇಟ್ಟಿದೀರೋ ಇಲ್ವೋ ನೋಡ್ತೀನಿ” ಎಂದು ಅವರನ್ನು ಕರೆದುಕೊಂಡು ಹೊರಟೇಬಿಟ್ಟರು.

ಸ್ವಲ್ಪ ಹೊತ್ತಿಗೆಲ್ಲ ತಲೆಯ ಮೇಲೆ ದೊಡ್ಡವರ ಹೆಜ್ಜೆ ಸದ್ದು ಕೇಳಿಸಿತು. ಏನೋ ಭಾರದ್ದನ್ನು ಎಳೆದರು, ಬಹುಶಃ ನಗಾರಿ. ಒಬ್ಬ ಗಂಟಲು ಸರಿಮಾಡಿಕೊಂಡ. ಆಮೇಲೆ, ನಡುವೆ ಯಾವ ಗೋಡೆಯೂ ಇಲ್ಲದೆ, ಇಡೀ ಎಮ್ಮೆ ಹಿಂಡಿಗೇ ಬಿಕ್ಕಳಿಕೆ ಬಂತು.

ಮಾಮ ಕೈಗೆ ಸಿಕ್ಕ ಹೊಲಿಗೆಯ ಬಟ್ಟೆಗಳನ್ನೆಲ್ಲ ಎಳೆದು ತಲೆಯವರೆಗೆ ಹೊದ್ದುಕೊಂಡ.

ಬಾಗಿಲು ತೆರೆಯಿತು. ಕೋಟಿನ ಗಿರಾಕಿ, ಏದುಸಿರು ಬಿಡುತ್ತ ಒಳಗೆ ಬಂದು, ಮಾಮನ ಹೆಂಡತಿ “ಅಯ್ಯೋ, ಅಲ್ಲಿ ಬೇಡ” ಎನ್ನುವಷ್ಟರಲ್ಲಿ ಕೂತೇಬಿಟ್ಟರು. ಒಂದು ಗಳಿಗೆ ಕಿವಿಗೊಟ್ಟು ಕೇಳಿದರು.

“ಹೋದ ಸಲ ಉಸಿರಾಡ್ತಿತ್ತು,” ಎಂದರು. “ಇವತ್ತು ಯಾಕಮ್ಮ, ಈ ಸೋಫಾ ಅಳ್ತಾ ಇದೆ?”